ಮನೆಯಲ್ಲೇ ಕ್ಯಾಂಪಿಂಗ್ ಟ್ರೇಲರ್ ಕಟ್ಟುವ ಮೊದಲು: ತೂಕ, ಕೊಂಡಿ, ಕಾಗದ

ಮಳೆ ಸರಿದು ಸಹ್ಯಾದ್ರಿಯ ಘಾಟ್ ರಸ್ತೆಗಳು ಒಣಗುವ ಹೊತ್ತಿಗೆ ಪುಣೆಯ ಕನ್ನಡಿಗರ ನಡುವೆ ಈಗೀಗ ಒಂದು ಪ್ರಶ್ನೆ ಓಡಾಡುತ್ತಿದೆ. ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವಂಥ, ಒಳಗೆ ಇಬ್ಬರು ಮಲಗಬಹುದಾದ, ಹಿಂಬಾಗಿಲು ಎತ್ತಿದರೆ ಒಲೆ-ಕಟ್ಟೆ ಸಿಗುವ ಸಣ್ಣ ಟ್ರೇಲರನ್ನು ನಾವೇ ಮಾಡಿಕೊಳ್ಳಬಹುದೇ? ಪ್ರಶ್ನೆ ಹುಟ್ಟಲು ಕಾರಣಗಳಿವೆ. ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದ ಮೇಲೆ ಗಾಡಿಯಲ್ಲೇ ಮಲಗಿ ಊರು ಸುತ್ತುವ ಮಾತು ಮನೆಮನೆಗೆ ಬಂತು. ಭೋಸರಿ, ಚಾಕಣ, ಚಿಂಚವಾಡದ ಕಾರ್ಖಾನೆಗಳಲ್ಲಿ ವೆಲ್ಡಿಂಗ್, ಲೇತ್, ಡಿಸೈನ್ ಕೆಲಸ ಮಾಡುವ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರು ಬೇಕಾದಷ್ಟಿದ್ದಾರೆ. ಕಬ್ಬಿಣ, ಕೈಕಸುಬು ಎರಡೂ ಇಲ್ಲಿ ಮೂಲೆಮೂಲೆಗೂ ಸಿಗುತ್ತವೆ.

ಮಾಡಬಹುದು. ಆದರೆ ಎಲ್ಲರೂ ಮೊದಲು ಚಿತ್ರ ಬಿಡಿಸುವುದು ಹಾಸಿಗೆ ಮತ್ತು ಅಡುಗೆ ಕಟ್ಟೆಯದ್ದು. ಅದು ಕಟ್ಟುವ ಕೆಲಸದಲ್ಲಿ ಕೊನೆಗೆ ಬರುವ, ತಪ್ಪಿದರೂ ತಿದ್ದಿಕೊಳ್ಳಬಹುದಾದ ಭಾಗ. ಮೊದಲು ಗಟ್ಟಿಯಾಗಬೇಕಾದದ್ದು ತೂಕದ ಲೆಕ್ಕ. ಆಕ್ಸಲ್ ಎಲ್ಲಿ ಕೂರಬೇಕು, ಕೊಂಡಿ ಎಂಥದು, ಬ್ರೇಕ್ ಬೇಕೇ, ಯಾವ ಕಾರು ಎಳೆಯಬಲ್ಲದು ಎಂಬ ಎಲ್ಲ ಉತ್ತರಗಳೂ ಆ ಲೆಕ್ಕದಿಂದಲೇ ಹೊರಡುತ್ತವೆ.

ಇದು ಯಾವ ಬಗೆಯ ಗಾಡಿ?

ಸ್ವಂತ ಎಂಜಿನ್ ಇದ್ದು ಒಳಗೆ ವಾಸಕ್ಕೆ ಅನುಕೂಲವಿದ್ದರೆ ಅದು ಮೋಟಾರು ಕ್ಯಾರವಾನ್. ಎಂಜಿನ್ ಇಲ್ಲದೆ ಬೇರೊಂದು ವಾಹನದ ಹಿಂದೆ ಎಳೆಸಿಕೊಂಡು ಹೋಗುವುದು ಟ್ರೇಲರ್. ಇದರ ಅಂಗಗಳು ನಾಲ್ಕೇ. ಕೆಳಗಿನ ಕಬ್ಬಿಣದ ಚೌಕಟ್ಟು ಚಾಸಿ. ಅದರಿಂದ ಮುಂದೆ ಚಾಚಿ ಕಾರನ್ನು ಸೇರುವ ದಂಡ ಡ್ರಾಬಾರ್. ಎರಡು ಚಕ್ರಗಳನ್ನು ಹೊತ್ತ ಆಕ್ಸಲ್ ಮತ್ತು ಸ್ಪ್ರಿಂಗ್. ಇವೆಲ್ಲದರ ಮೇಲೆ ಕೂರುವ ಪೆಟ್ಟಿಗೆ.

ಕಚ್ಚಾ ರಸ್ತೆಗೆಂದು ಮಾಡುವ ಟ್ರೇಲರ್ ಬೇರೆಯಾಗುವುದು ಅಲಂಕಾರದಿಂದಲ್ಲ. ನೆಲದಿಂದ ಹೆಚ್ಚು ಎತ್ತರ, ಎಳೆಯುವ ವಾಹನದಷ್ಟೇ ಚಕ್ರದಿಂದ ಚಕ್ರಕ್ಕೆ ಅಗಲ, ಕಾರು ಒಂದು ಕಡೆ ವಾಲಿ ಟ್ರೇಲರ್ ಇನ್ನೊಂದು ಕಡೆ ವಾಲಿದರೂ ತಿರುಚಿಕೊಳ್ಳದ ಕೊಂಡಿ, ಇವು ಅದರ ಗುರುತು. ಎರಡನೇ ಮಹಾಯುದ್ಧದಲ್ಲಿ ಜೀಪಿನ ಹಿಂದೆ ಓಡುತ್ತಿದ್ದ ಕಾಲು ಟನ್ನಿನ ಟ್ರೇಲರಿಗೆ ಜೀಪಿನ ಅಳತೆಯದೇ ಚಕ್ರ ಹಾಕಿದ್ದರು. ಹೀಗಾಗಿ ಎರಡಕ್ಕೂ ಒಂದೇ ಸ್ಟೆಪ್ನಿ ಸಾಕಾಗುತ್ತಿತ್ತು. ಆ ಉಪಾಯ ಇಂದಿಗೂ ಅಷ್ಟೇ ಉಪಯುಕ್ತ. ಮಾರುತಿ ಜಿಪ್ಸಿ ಮತ್ತು ಜಿಮ್ನಿ ಎರಡರ ಚಕ್ರಕ್ಕೂ 139.7 ಮಿಮೀ ವೃತ್ತದಲ್ಲಿ ಐದು ಬೋಲ್ಟ್. ಟ್ರೇಲರಿನ ಹಬ್‌ಗೂ (ಚಕ್ರ ಕೂರುವ ನಡುಭಾಗಕ್ಕೂ) ಅದೇ ಅಳತೆ ಕೊರೆಸಿದರೆ ಕಾಡಿನಂಚಿನಲ್ಲಿ ಪಂಕ್ಚರ್ ಆದಾಗ ಪರದಾಡಬೇಕಿಲ್ಲ.

ಕಾನೂನಿನ ಪ್ರಕಾರ ಅದೂ ಒಂದು ಮೋಟಾರು ವಾಹನ

‘ಎಂಜಿನ್ನೇ ಇಲ್ಲ, ನೋಂದಣಿ ಯಾಕೆ?’ ಎಂದು ಬಹಳ ಜನ ಕೇಳುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 2(28)ನೇ ಕಲಂ ‘ಮೋಟಾರು ವಾಹನ’ ಎಂಬ ಮಾತಿನೊಳಗೆ ಟ್ರೇಲರನ್ನೂ ಹೆಸರಿಟ್ಟು ಸೇರಿಸಿದೆ. 39ನೇ ಕಲಂ ಪ್ರಕಾರ ನೋಂದಣಿ ಇಲ್ಲದ ಮೋಟಾರು ವಾಹನವನ್ನು ಸಾರ್ವಜನಿಕ ರಸ್ತೆಗೆ ತರುವಂತಿಲ್ಲ. 146ನೇ ಕಲಂ ಮೂರನೆಯವರ ವಿಮೆಯನ್ನು ಕಡ್ಡಾಯ ಮಾಡುತ್ತದೆ. ಅಂದರೆ ನೀವು ಕಟ್ಟಿದ ಟ್ರೇಲರಿಗೆ ಅದರದ್ದೇ ನೋಂದಣಿ ಬೇಕು, ವಿಮೆಯ ಏರ್ಪಾಡೂ ಬೇಕು.

ಭಾರತದ ವರ್ಗೀಕರಣದಲ್ಲಿ ಒಟ್ಟು ತೂಕ 750 ಕೆಜಿ ಮೀರದ ಟ್ರೇಲರ್ ಟಿ1, ಅದಕ್ಕಿಂತ ಮೇಲೆ 3.5 ಟನ್‌ವರೆಗಿನದು ಟಿ2. ಇಲ್ಲಿ ‘ಒಟ್ಟು ತೂಕ’ ಎಂದರೆ ಖಾಲಿ ಗಾಡಿಯದ್ದಲ್ಲ, ನೀರು, ಸಾಮಾನು, ಗ್ಯಾಸ್ ಎಲ್ಲ ತುಂಬಿದ ಗಾಡಿಯದ್ದು.

ಕಾಗದದ ಕೆಲಸವನ್ನು ಕಬ್ಬಿಣ ಕೊಯ್ಯುವ ಮೊದಲೇ ಮುಗಿಸಬೇಕು. ಅಳತೆ, ತೂಕ, ಆಕ್ಸಲ್, ದೀಪಗಳ ಜಾಗ ಬರೆದ ನಕ್ಷೆ ಹಿಡಿದು ಆರ್‌ಟಿಒ ಕಚೇರಿಗೆ ಹೋಗಿ, ಯಾವ ಪ್ರಮಾಣಪತ್ರ ಬೇಕೆಂದು ಬರಹದಲ್ಲಿ ಕೇಳಿಕೊಳ್ಳಿ. ಕಾರಿಗೆ ಕೊಂಡಿ ಕೂರಿಸುವ ವಿಷಯವನ್ನೂ ಅದೇ ಪತ್ರದಲ್ಲಿ ಕೇಳಿ. ವಾಹನ ಪರೀಕ್ಷೆಯ ಎರಡು ದೊಡ್ಡ ಸಂಸ್ಥೆಗಳು ಪುಣೆಯಲ್ಲೇ ಇವೆ: ಕೋಥ್ರೂಡಿನ ವೇತಾಳ ಗುಡ್ಡದ ಮೇಲಿನ ಎಆರ್‌ಎಐ ಮತ್ತು ಭೋಸರಿಯ ಸಿಐಆರ್‌ಟಿ. ಬಿಡಿಯಾಗಿ ಒಂದೇ ಗಾಡಿ ಕಟ್ಟುವವರಿಗೆ ಅನುಮೋದನೆಯ ದಾರಿ ಉದ್ದ ಎನಿಸಿದರೆ, ಅನುಮೋದನೆ ಪತ್ರವಿರುವ ತಯಾರಕರಿಂದ ಚಾಸಿ ಮತ್ತು ಆಕ್ಸಲ್ ಕೊಂಡು ಮೇಲಿನ ಪೆಟ್ಟಿಗೆಯನ್ನಷ್ಟೇ ಮನೆಯಲ್ಲಿ ಕಟ್ಟುವುದು ಹೆಚ್ಚು ಸರಳ. ಆಗಲೂ ಪೆಟ್ಟಿಗೆಯ ತೂಕ ಆ ಪತ್ರದಲ್ಲಿರುವ ಮಿತಿಯೊಳಗೇ ಇರಬೇಕು. ನನ್ನ ಮಟ್ಟಿಗೆ, ಮೊದಲ ಟ್ರೇಲರ್ ಕಟ್ಟುವವರಿಗೆ ಇದೇ ಒಳ್ಳೆಯ ಹಾದಿ.

ಹಿಂಭಾರ, ಮುಂಭಾರ

ಚಕ್ಕಡಿ ಹೂಡಿದವರಿಗೆ ಈ ಭಾಗವನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಜೋಳದ ಚೀಲಗಳನ್ನೆಲ್ಲ ಹಿಂದಕ್ಕೆ ಒಟ್ಟಿದರೆ ಬಂಡಿ ಹಿಂಭಾರವಾಗಿ ನೊಗ ಮೇಲಕ್ಕೆ ಎದ್ದು ಎತ್ತಿನ ಕೊರಳು ಒತ್ತುತ್ತದೆ. ತೀರಾ ಮುಂದಕ್ಕೆ ಹೇರಿದರೆ ಮುಂಭಾರವಾಗಿ ಎತ್ತು ಕುಗ್ಗುತ್ತದೆ. ಅನುಭವಸ್ಥರು ನೊಗದ ಮೇಲೆ ತುಸುವೇ ಭಾರ ನಿಲ್ಲುವಂತೆ ಚೀಲ ಜೋಡಿಸುತ್ತಾರೆ. ಎರಡು ಚಕ್ರದ ಟ್ರೇಲರಿನ ಲೆಕ್ಕವೂ ಇದೇ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ವೇಗ ಗಂಟೆಗೆ 80 ಕಿಮೀ ಇರಬಹುದು, ಹಾಗಾಗಿ ಹಿಂಭಾರದ ಶಿಕ್ಷೆ ಬಲು ದೊಡ್ಡದು.

ಡ್ರಾಬಾರಿನ ತುದಿ ಕಾರಿನ ಕೊಂಡಿಯ ಮೇಲೆ ಊರುವ ತೂಕವನ್ನು ಮೂತಿಭಾರ ಎಂದು ಕರೆಯೋಣ. ಅಮೆರಿಕದ ರೂಢಿಯಲ್ಲಿ ಅದು ಟ್ರೇಲರಿನ ಒಟ್ಟು ತೂಕದ ಶೇ 10ರಿಂದ 15. ಯುರೋಪಿನಲ್ಲಿ ಇದಕ್ಕಿಂತ ಕಡಿಮೆ ಇಟ್ಟುಕೊಳ್ಳುತ್ತಾರೆ, ಅಲ್ಲಿ ಎಳೆಯುವ ವೇಗದ ಮಿತಿಯೂ ಕಡಿಮೆ. ಮೂತಿಭಾರ ತೀರಾ ಕಡಿಮೆಯಾದರೆ ಅಥವಾ ತೂಕದ ಕೇಂದ್ರ ಆಕ್ಸಲ್‌ಗಿಂತ ಹಿಂದೆ ಹೋದರೆ, ಪಕ್ಕದಿಂದ ಲಾರಿ ಹಾದ ಗಾಳಿಗೋ ಸಣ್ಣ ಹಳ್ಳಕ್ಕೋ ಶುರುವಾದ ಓಲಾಟ ತಾನಾಗಿ ನಿಲ್ಲುವುದಿಲ್ಲ. ಟ್ರೇಲರಿನ ಹಿಂಭಾಗ ಎಡಕ್ಕೆ ಹೋಗಿ ಬಲಕ್ಕೆ ಮರಳುವಾಗ ಇನ್ನೂ ದೂರ ಹೋಗುತ್ತದೆ, ಪ್ರತಿ ಸಲವೂ ಕಾರಿನ ಹಿಂಬದಿಯನ್ನು ತಳ್ಳುತ್ತದೆ. ವೇಗ ಹೆಚ್ಚಿದಷ್ಟೂ ಓಲಾಟ ಬೇಗ ಬೆಳೆಯುತ್ತದೆ.

ಲೆಕ್ಕ ಕಷ್ಟದ್ದಲ್ಲ. ಒಟ್ಟು ತೂಕವನ್ನು, ತೂಕದ ಕೇಂದ್ರ ಆಕ್ಸಲ್‌ಗಿಂತ ಎಷ್ಟು ಮುಂದಿದೆಯೋ ಆ ದೂರದಿಂದ ಗುಣಿಸಿ, ಕೊಂಡಿಯಿಂದ ಆಕ್ಸಲ್‌ವರೆಗಿನ ದೂರದಿಂದ ಭಾಗಿಸಿದರೆ ಮೂತಿಭಾರ ಸಿಗುತ್ತದೆ. ಟ್ರೇಲರ್ 600 ಕೆಜಿ, ಕೊಂಡಿಯಿಂದ ಆಕ್ಸಲ್ 3 ಮೀಟರ್, ತೂಕದ ಕೇಂದ್ರ ಆಕ್ಸಲ್‌ಗಿಂತ 30 ಸೆಂಮೀ ಮುಂದೆ ಎಂದುಕೊಳ್ಳಿ. 600ನ್ನು 0.3ರಿಂದ ಗುಣಿಸಿ 3ರಿಂದ ಭಾಗಿಸಿದರೆ 60 ಕೆಜಿ, ಅಂದರೆ ಸರಿಯಾಗಿ ಶೇ 10. ಈಗ ಆಕ್ಸಲ್‌ಗಿಂತ ಒಂದು ಮೀಟರ್ ಮುಂದಿದ್ದ 20 ಲೀಟರಿನ ನೀರಿನ ಕ್ಯಾನನ್ನು ಆಕ್ಸಲ್‌ಗಿಂತ ಒಂದು ಮೀಟರ್ ಹಿಂದೆ ಇಟ್ಟರೆ ಮೂತಿಭಾರದಲ್ಲಿ 13 ಕೆಜಿಗೂ ಹೆಚ್ಚು ಇಳಿದುಹೋಗುತ್ತದೆ. ಒಂದೇ ಕ್ಯಾನಿನಿಂದ ಇಷ್ಟು! ನೀರಿನ ಟ್ಯಾಂಕನ್ನು ಆಕ್ಸಲ್ ಮೇಲೆ ಅಥವಾ ತುಸು ಮುಂದೆ ಕೂರಿಸಬೇಕೆನ್ನುವುದು ಇದೇ ಕಾರಣಕ್ಕೆ. ನೀರು ಬಳಸಿದಂತೆ ಅದರ ತೂಕ ಬದಲಾಗುತ್ತದೆ, ಆದರೆ ಆಕ್ಸಲ್‌ಗೆ ಹತ್ತಿರವಿದ್ದರೆ ಸಮತೋಲ ಕೆಡುವುದಿಲ್ಲ. ಅಡುಗೆ ಕಟ್ಟೆ, ಫ್ರಿಜ್ ಎಲ್ಲವನ್ನೂ ಹಿಂಬಾಗಿಲಿನ ಹತ್ತಿರ ಇಡುವ ವಿನ್ಯಾಸ ನೋಡಲು ಚೆಂದ. ಹಾಗೆ ಮಾಡುವುದಾದರೆ ಆಕ್ಸಲನ್ನು ಆ ತೂಕಕ್ಕೆ ತಕ್ಕಂತೆ ಹಿಂದಕ್ಕೆ ಸರಿಸಲೇಬೇಕು.

ಮೂತಿಭಾರ ಅಳೆಯಲು ಸಮತಟ್ಟು ನೆಲದಲ್ಲಿ ಟ್ರೇಲರ್ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಡ್ರಾಬಾರಿನ ತುದಿಯನ್ನು ಕೊಂಡಿಯ ಎತ್ತರದಲ್ಲೇ ಒಂದು ಮರದ ತುಂಡಿನ ಮೂಲಕ ಮನೆಯ ತೂಕದ ಯಂತ್ರದ ಮೇಲೆ ಊರಿದರೆ ಸಾಕು. ಒಟ್ಟು ತೂಕಕ್ಕೆ ಲಾರಿ ತೂಗುವ ಯಾವುದಾದರೂ ವೇಬ್ರಿಡ್ಜ್.

ತೂಕದ ಪಟ್ಟಿ

ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ವಸ್ತುವಿನ ತೂಕ ಮತ್ತು ಅದು ಆಕ್ಸಲ್‌ನಿಂದ ಎಷ್ಟು ದೂರ ಎಂಬುದನ್ನು ಬರೆಯುತ್ತ ಹೋಗಿ. 2.4 ಮೀಟರ್ ಉದ್ದ, 1.5 ಮೀಟರ್ ಅಗಲದ ಸಾಧಾರಣ ಗಾಡಿಯನ್ನೇ ನೋಡೋಣ. 50 ಮಿಮೀ ಚೌಕದ, 3 ಮಿಮೀ ದಪ್ಪದ ಎಂಎಸ್ (ಸಾದಾ ಉಕ್ಕಿನ) ಪೈಪು ಮೀಟರಿಗೆ ಸುಮಾರು 4.3 ಕೆಜಿ ತೂಗುತ್ತದೆ. ಸುತ್ತಿನ ಚೌಕಟ್ಟು, ಮೂರು ಅಡ್ಡಪಟ್ಟಿ, ಡ್ರಾಬಾರಿನ ಎರಡು ಕೈ ಸೇರಿ ಸುಮಾರು 17 ಮೀಟರ್ ಪೈಪು, ಅಂದರೆ 73 ಕೆಜಿ ಆಸುಪಾಸು. ಆಕ್ಸಲ್, ಸ್ಪ್ರಿಂಗ್, ಹಬ್‌ಗೆ 60, ಸ್ಟೆಪ್ನಿ ಸೇರಿ ಮೂರು ಚಕ್ರಕ್ಕೆ 75.

ಪೆಟ್ಟಿಗೆಗೆ ಬಂದಾಗ ತೂಕ ಗೊತ್ತಿಲ್ಲದಂತೆ ಏರುತ್ತದೆ. 12 ಮಿಮೀ ಪ್ಲೈವುಡ್ ಚದರ ಮೀಟರಿಗೆ ಸುಮಾರು 8 ಕೆಜಿ. ನೆಲಕ್ಕೆ 29 ಕೆಜಿ ಆದರೆ, ಗೋಡೆ ಮತ್ತು ಛಾವಣಿಯ 13 ಚದರ ಮೀಟರಿಗೂ ಅದನ್ನೇ ಹಾಕಿದರೆ ಇನ್ನೂ 100 ಕೆಜಿ. ಅದೇ ಜಾಗಕ್ಕೆ 1 ಮಿಮೀ ಅಲ್ಯೂಮಿನಿಯಂ ತಗಡಾದರೆ 35 ಕೆಜಿ, ಜೊತೆಗೆ ಒಳಗಿನ ಹಗುರ ಚೌಕಟ್ಟು. ಮೇಲೆ 60 ಲೀಟರ್ ನೀರು, ಬ್ಯಾಟರಿ, ತುಂಬಿದ ಫ್ರಿಜ್, ಹಾಸಿಗೆ, ಪಾತ್ರೆ, ಬಟ್ಟೆಬರೆ, ಬಾಗಿಲು, ಕೀಲು, ಬಣ್ಣ ಕೂಡಿಸಿದರೆ ಪ್ಲೈವುಡ್ಡಿನ ಗಾಡಿ ಸಲೀಸಾಗಿ 600ರ ಹತ್ತಿರ ಬಂದು ನಿಲ್ಲುತ್ತದೆ. ಅದರ ನೆತ್ತಿಯ ಮೇಲೊಂದು ರೂಫ್‌ಟಾಪ್ ಟೆಂಟ್ ಕೂರಿಸಿದರೆ 750ರ ಗೆರೆ ಹತ್ತಿರವಾಗುವುದಷ್ಟೇ ಅಲ್ಲ, ತೂಕದ ಕೇಂದ್ರ ಮೇಲೇರಿ ಓರೆ ದಾರಿಯಲ್ಲಿ ಪಲ್ಟಿಯ ಭಯವೂ ಹೆಚ್ಚುತ್ತದೆ.

ಚಾಸಿಯಲ್ಲಿ ಬಿರುಕು ಎಲ್ಲಿ ಶುರುವಾಗುತ್ತದೆ?

ಕಚ್ಚಾ ರಸ್ತೆಯಲ್ಲಿ ಚಾಸಿ ಒಂದೇ ಏಟಿಗೆ ಮುರಿಯುವುದು ಅಪರೂಪ. ಸಾವಿರಾರು ಸಣ್ಣ ಕುಲುಕುಗಳಿಂದ ಕಬ್ಬಿಣ ದಣಿದು, ಕೂದಲೆಳೆಯಷ್ಟು ಬಿರುಕು ಬಿಟ್ಟು, ಅದು ನಿಧಾನ ಬೆಳೆಯುತ್ತದೆ. ಹೆಚ್ಚು ಬಾಗುವ ಜಾಗ ಡ್ರಾಬಾರ್ ಬಂದು ಚೌಕಟ್ಟಿನ ಮುಂದಿನ ಅಡ್ಡಪಟ್ಟಿಯನ್ನು ಸೇರುವಲ್ಲಿ. ಹೀಗಾಗಿ ಡ್ರಾಬಾರನ್ನು ಮುಂದಿನ ಪಟ್ಟಿಗೆ ಅಂಟಿಸಿ ಬಿಡಬಾರದು. ಅದರ ಎರಡೂ ಕೈಗಳು ಇಂಗ್ಲಿಷಿನ ‘A’ ಅಕ್ಷರದಂತೆ ಅಗಲವಾಗುತ್ತ ಚೌಕಟ್ಟಿನ ಅಡಿಯಲ್ಲಿ ಹಿಂದಕ್ಕೆ ಸಾಗಿ, ಸ್ಪ್ರಿಂಗನ್ನು ಚೌಕಟ್ಟಿಗೆ ಹಿಡಿದಿಡುವ ಮುಂದಿನ ಹ್ಯಾಂಗರ್ ಹತ್ತಿರದ ಅಡ್ಡಪಟ್ಟಿಯನ್ನು ಮುಟ್ಟಬೇಕು. ಆಗ ಎಳೆತ ನೇರವಾಗಿ ಆಕ್ಸಲ್‌ಗೆ ತಲುಪುತ್ತದೆ.

ಇನ್ನೆರಡು ಮಾತು ವೆಲ್ಡರ್ ಬಳಿ ಮೊದಲೇ ಆಡಬೇಕು. ಡ್ರಾಬಾರಿನ ಮೇಲ್ಮೈ ಮತ್ತು ಕೆಳಮೈ ಮೇಲೆ ಅಡ್ಡಡ್ಡ ವೆಲ್ಡಿಂಗ್ ಬೇಡ, ಅಲ್ಲಿ ತೂತೂ ಬೇಡ. ಬಾಗಿದಾಗ ಅತಿ ಹೆಚ್ಚು ಎಳೆತ, ಒತ್ತಡ ಬೀಳುವುದು ಆ ಎರಡು ಮೈಗಳಿಗೇ. ಏನನ್ನಾದರೂ ಕೂರಿಸಬೇಕಿದ್ದರೆ ಪಕ್ಕದ ಮೈಯ ನಡುಮಧ್ಯದಲ್ಲಿ ಕೂರಿಸಲಿ. ವೆಲ್ಡಿಂಗ್ ಕಲಿಯುವ ಆಸೆಯಿದ್ದರೆ ಮೆಟ್ಟಿಲು, ಡಬ್ಬಿ, ಗ್ಯಾಸ್ ಸ್ಟ್ಯಾಂಡ್ ಮೇಲೆ ಕೈ ಪಳಗಿಸಿಕೊಳ್ಳಿ. ಡ್ರಾಬಾರ್, ಕೊಂಡಿ, ಸ್ಪ್ರಿಂಗ್ ಹ್ಯಾಂಗರ್‌ಗಳನ್ನು ನುರಿತವರ ಕೈಗೇ ಬಿಡಿ. ಹಿಂದೆ ಬರುವ ಬೈಕ್ ಸವಾರನ ಜೀವ ಆ ಬೆಸುಗೆಯ ಮೇಲಿರುತ್ತದೆ.

ಪೈಪಿನ ತುದಿಗಳನ್ನು ಮುಚ್ಚದೆ ಬಿಟ್ಟರೆ ಮುಳಶಿ, ತಾಮ್ಹಿಣಿಯ ಮಳೆನೀರು ಒಳಗೆ ನಿಂತು ಒಳಗಿಂದಲೇ ತುಕ್ಕು ಹಿಡಿಯುತ್ತದೆ.

ಸ್ಪ್ರಿಂಗ್ ಮತ್ತು ಬೇರಿಂಗ್

ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಕಟ್ಟಿದ ಲೀಫ್ ಸ್ಪ್ರಿಂಗ್ ಹಳೆಯದು, ಗಟ್ಟಿ, ಯಾವ ಊರಿನಲ್ಲೂ ರಿಪೇರಿಯಾಗುತ್ತದೆ. ಆದರೆ ಲಾರಿಗೋ ಜೀಪಿಗೋ ಮಾಡಿದ ಪೂರ್ತಿ ಕಟ್ಟನ್ನು ತಂದು ಹಾಕಿದರೆ 600 ಕೆಜಿಗೆ ಅದು ಬಗ್ಗುವುದೇ ಇಲ್ಲ, ಟ್ರೇಲರ್ ಕುಪ್ಪಳಿಸುತ್ತದೆ, ಒಳಗಿನ ಪ್ಲೈವುಡ್ ಸಡಿಲಾಗುತ್ತದೆ. ತೂಕಕ್ಕೆ ತಕ್ಕಷ್ಟು ಪಟ್ಟಿ ಕಡಿಮೆ ಮಾಡಿಸಿ, ಕುಲುಕು ತಡೆಯಲು ಶಾಕ್ ಅಬ್ಸಾರ್ಬರ್ ಸೇರಿಸಬೇಕು. ಎರಡು ಚಕ್ರಗಳೂ ಬೇರೆಬೇರೆಯಾಗಿ ಆಡುವ ಟ್ರೇಲಿಂಗ್ ಆರ್ಮ್ ವ್ಯವಸ್ಥೆ ಕಲ್ಲುದಾರಿಗೆ ಇನ್ನೂ ಒಳ್ಳೆಯದು. ಅದರಲ್ಲಿ ಚಕ್ರಗಳ ಜೋಡಣೆ ಕೂದಲಷ್ಟು ತಪ್ಪಿದರೂ ಟೈರು ಒಂದೇ ಕಡೆ ಸವೆಯುತ್ತದೆ.

ಬೇರಿಂಗ್ ಬಗ್ಗೆ ಒಂದು ವಿಷಯ ಹಲವರಿಗೆ ತಿಳಿದಿಲ್ಲ. ಓಡಿ ಬಿಸಿಯಾದ ಹಬ್ಬನ್ನು ತಣ್ಣನೆಯ ಹಳ್ಳಕ್ಕೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನೀರು ದಾಟುವ ಮೊದಲು ಸ್ವಲ್ಪ ಹೊತ್ತು ನಿಂತು ಹಬ್ ಆರಲು ಬಿಡಿ. ಮಳೆಗಾಲದ ತಿರುಗಾಟ ಮುಗಿದ ಮೇಲೆ ಬೇರಿಂಗ್ ಬಿಚ್ಚಿ ಹೊಸ ಗ್ರೀಸ್ ತುಂಬಿಸಿ.

ಕೊಂಡಿ

ರಸ್ತೆಯ ಟ್ರೇಲರಿಗೆ ಹೆಚ್ಚು ಬಳಕೆಯಲ್ಲಿರುವುದು ಗುಂಡಿನ ಕೊಂಡಿ, ಅಂದರೆ ಕಾರಿನಲ್ಲಿ ಉಕ್ಕಿನ ಗುಂಡು, ಟ್ರೇಲರಿನಲ್ಲಿ ಅದನ್ನು ಕಚ್ಚುವ ಬಟ್ಟಲಿನಂಥ ಕಪ್. ಅಂತಾರಾಷ್ಟ್ರೀಯ ಅಳತೆ 50 ಮಿಮೀ, ಅಮೆರಿಕದ್ದು 2 ಇಂಚು, ಅಂದರೆ 50.8 ಮಿಮೀ. ಕಣ್ಣಿಗೆ ಒಂದೇ ಥರ ಕಾಣುವ ಇವೆರಡನ್ನು ಬೆರೆಸಬಾರದು. ದೊಡ್ಡ ಗುಂಡಿನ ಮೇಲೆ ಸಣ್ಣ ಕಪ್ ಪೂರ್ತಿ ಕೂರದೆ, ಕೂತಂತೆ ತೋರಿಸಿ, ಹಳ್ಳಕ್ಕೆ ಬಿದ್ದಾಗ ಎಗರಿಬಿಡಬಹುದು.

ಗುಂಡಿನ ಕೊಂಡಿ ಒಂದು ಮಟ್ಟದವರೆಗೆ ಮಾತ್ರ ತಿರುಚಿಕೊಳ್ಳುತ್ತದೆ. ಅದು ಮೀರಿದರೆ ಲೋಹಕ್ಕೆ ಲೋಹ ತಾಗಿ ಬಲವೆಲ್ಲ ಕೊಂಡಿಯ ಕತ್ತಿನ ಮೇಲೆ ಬೀಳುತ್ತದೆ. ಕಲ್ಲುದಾರಿಗೆ ಹೋಗುವವರು ಸೇನೆಯ ಗಾಡಿಗಳಲ್ಲಿರುವ ಕೊಕ್ಕೆ-ಬಳೆಯ ಪಿಂಟಲ್ ಕೊಂಡಿಯನ್ನೋ, ಮೂರು ದಿಕ್ಕಿಗೂ ತಿರುಗುವ ಆಫ್‌ರೋಡ್ ಕೊಂಡಿಯನ್ನೋ ಹಾಕುತ್ತಾರೆ. ಪಿಂಟಲ್ ಡಾಂಬರು ರಸ್ತೆಯಲ್ಲಿ ಕಟಕಟ ಸದ್ದು ಮಾಡುತ್ತದೆ, ಆದರೆ ನಂಬಿಕಸ್ಥ. ಯಾವುದೇ ಇರಲಿ, ಎರಡು ಸುರಕ್ಷಾ ಸರಪಳಿಗಳು ಕೊಂಡಿಯ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯ್ದಿರಬೇಕು. ಕೊಂಡಿ ಕಳಚಿದರೂ ಡ್ರಾಬಾರ್ ನೆಲಕ್ಕೆ ನಾಟದೆ ಆ ಸರಪಳಿಗಳ ಮೇಲೆ ನಿಲ್ಲುತ್ತದೆ.

ಬ್ರೇಕ್ ಬೇಕೇ?

ಯುರೋಪಿನಲ್ಲಿ 750 ಕೆಜಿ ಒಳಗಿನ ಟ್ರೇಲರಿಗೆ ಸ್ವಂತ ಬ್ರೇಕ್ ಕಡ್ಡಾಯವಲ್ಲ. ಇದನ್ನು ಓದಿ ಬ್ರೇಕ್ ಬಿಟ್ಟುಬಿಡುವ ಮುನ್ನ ಇನ್ನೊಂದು ಅಂಕಿ ನೋಡಿ. ಆಸ್ಟ್ರೇಲಿಯಾದಲ್ಲಿ ಮಾರುವ ಜಿಮ್ನಿಗೆ ಬ್ರೇಕಿರುವ ಟ್ರೇಲರ್ ಆದರೆ 1,300 ಕೆಜಿವರೆಗೆ, ಬ್ರೇಕಿಲ್ಲದ್ದಾದರೆ 350 ಕೆಜಿ ಮಾತ್ರ ಎಳೆಯಲು ತಯಾರಕರ ಒಪ್ಪಿಗೆ. ಎಂಜಿನ್ನಿನ ಶಕ್ತಿ ಎರಡೂ ಕಡೆ ಒಂದೇ, ಮಿತಿ ಇರುವುದು ನಿಲ್ಲಿಸುವ ಶಕ್ತಿಗೆ. ಅಲ್ಲಿಯ ಅಂಕಿಯನ್ನು ಇಲ್ಲಿಗೆ ತಂದುಕೊಳ್ಳುವಂತಿಲ್ಲ. ನಿಮ್ಮ ಕಾರಿನ ಭಾರತೀಯ ಕೈಪಿಡಿಯಲ್ಲಿ ಏನಿದೆಯೋ ಅದೇ ಮಿತಿ. ಎಳೆಯಬೇಡಿ ಎಂದು ಬರೆದಿದ್ದರೆ ಆ ಕಾರನ್ನು ಬಿಡಿ.

ಪುಣೆಯಿಂದ ಹೊರಟರೆ ಬಹಳಷ್ಟು ದಿಕ್ಕುಗಳಲ್ಲಿ ಘಾಟ್ ಇದೆ. ಬೆಳಗಾವಿ ಕಡೆಯಿಂದ ಮರಳುವಾಗ ಖಂಬಾಟಕಿಯ ಇಳಿಜಾರು, ಊರು ಸೇರುವ ಮುನ್ನ ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ಉದ್ದ ಇಳಿತ. ಬ್ರೇಕ್ ಫೇಲಾಗಿ ಲಾರಿಗಳು ನುಗ್ಗಿದ ಸುದ್ದಿ ನವಲೆಯಿಂದ ಎಷ್ಟು ಸಲ ಬಂದಿದೆ! ಇಂಥಲ್ಲಿ ಟ್ರೇಲರ್ ಹಿಂದಿನಿಂದ ಕಾರನ್ನು ತಳ್ಳುತ್ತಲೇ ಇರುತ್ತದೆ. ಆದ್ದರಿಂದ ಈ ಭಾಗದಲ್ಲಿ ಓಡುವ ಟ್ರೇಲರಿಗೆ ಬ್ರೇಕ್ ಇರಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಅದರಲ್ಲಿ ಎರಡು ಬಗೆ. ಕಾರು ನಿಧಾನವಾದಾಗ ಟ್ರೇಲರ್ ಮುಂದಕ್ಕೆ ಒತ್ತುವ ಬಲದಿಂದಲೇ ಹಿಡಿಯುವುದು ಓವರ್‌ರನ್ ಬ್ರೇಕ್. ಸರಳ, ಆದರೆ ಉದ್ದ ಇಳಿಜಾರಿನಲ್ಲಿ ಸವರುತ್ತಲೇ ಇದ್ದು ಬಿಸಿಯಾಗುತ್ತದೆ, ರಿವರ್ಸ್‌ನಲ್ಲೂ ಹಿಡಿದುಕೊಳ್ಳದಂತೆ ತಡೆ ಬೇಕು. ಎರಡನೆಯದು ಚಾಲಕನ ಪಕ್ಕದ ಕಂಟ್ರೋಲರ್‌ನಿಂದ ನಡೆಯುವ ಎಲೆಕ್ಟ್ರಿಕ್ ಬ್ರೇಕ್. ಓಲಾಟ ಶುರುವಾದಾಗ ಟ್ರೇಲರಿನ ಬ್ರೇಕನ್ನಷ್ಟೇ ಹಿಡಿದು ಅದನ್ನು ನೇರ ಮಾಡುವ ಅನುಕೂಲ ಇದಕ್ಕಿದೆ. ಆ ಸೌಲಭ್ಯ ಇಲ್ಲದಿದ್ದರೆ ಓಲಾಟದ ಹೊತ್ತಲ್ಲಿ ಸ್ಟಿಯರಿಂಗ್ ಗಟ್ಟಿಯಾಗಿ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಎಡಬಲ ತಿರುಗಿಸಿ ತಿದ್ದಲು ಹೋದರೆ ಹೆಚ್ಚಾಗುತ್ತದೆ.

ಪೆಟ್ಟಿಗೆ ಮತ್ತು ಕರೆಂಟು

ಓಡುವ ಗಾಡಿಯ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಹಾಗಾಗಿ ಕೆಂಪು ಧೂಳು ಹಿಂಬಾಗಿಲಿನ ಸಂದಿಯಿಂದಲೇ ಒಳನುಗ್ಗುತ್ತದೆ. ಒಳ್ಳೆಯ ರಬ್ಬರ್ ಬೀಡಿಂಗ್ ಜೊತೆಗೆ, ಛಾವಣಿಯ ಮುಂಭಾಗದಲ್ಲಿ ಫಿಲ್ಟರ್ ಇರುವ ಗಾಳಿಕಿಂಡಿ ಇಟ್ಟರೆ ಓಡುವಾಗ ಒಳಗಿನ ಒತ್ತಡ ತುಸು ಹೆಚ್ಚಿದ್ದು ಧೂಳು ಹೊರಗೇ ಉಳಿಯುತ್ತದೆ. ಮಲಗುವಾಗ ಮೇಲೊಂದು, ಕೆಳಗೊಂದು ಕಿಂಡಿ ತೆರೆದಿರಲೇಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ನಿಲ್ಲುತ್ತದೆ, ಅದಕ್ಕೆ ಸಿಲಿಂಡರಿನ ಗೂಡು ಹೊರಗಡೆಗೆ ತೆರೆದುಕೊಂಡು ತಳದಲ್ಲಿ ತೂತಿರಬೇಕು. ಚಳಿಯೆಂದು ಕೆಂಡದ ಶೆಗಡಿಯನ್ನು ಒಳಗಿಟ್ಟು ಮಲಗಿದರೆ ಕಾರ್ಬನ್ ಮೊನಾಕ್ಸೈಡ್ ವಾಸನೆಯೂ ಬಾರದಂತೆ ಜೀವ ತೆಗೆಯುತ್ತದೆ.

ಕರೆಂಟಿನ ಲೆಕ್ಕ ಚಿಕ್ಕದು. 45 ವ್ಯಾಟಿನ 12 ವೋಲ್ಟ್ ಫ್ರಿಜ್ ದಿನದ ಅರ್ಧ ಹೊತ್ತು ಓಡಿದರೆ 540 ವ್ಯಾಟ್-ಅವರ್. 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1,280 ಇರುತ್ತದೆ, ದೀಪ, ಫೋನ್ ಸೇರಿದರೂ ಎರಡು ದಿನ ಸಾಗುತ್ತದೆ. ಅದೇ ಅಳತೆಯ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಳಸಿದರೆ ಅದರ ಆಯುಸ್ಸು ಇಳಿಯುತ್ತದೆ, ತೂಕವೂ ಎರಡು ಪಟ್ಟಿಗಿಂತ ಹೆಚ್ಚು. ಬೇಸಿಗೆಯ ಬಿಸಿಲಿನಲ್ಲಿ 100 ವ್ಯಾಟಿನ ಸೋಲಾರ್ ಫಲಕ ದಿನಕ್ಕೆ 400ರ ಆಸುಪಾಸು ಕೊಟ್ಟೀತು, ಸಹ್ಯಾದ್ರಿಯ ಆಷಾಢದ ಮೋಡದಲ್ಲಿ ಅದನ್ನು ನೆಚ್ಚಬೇಡಿ. ಬ್ಯಾಟರಿಯ ಪ್ಲಸ್ ತಂತಿಗೆ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ದೂರವಿಟ್ಟರೆ ನಡುವಿನ ತಂತಿ ಉಜ್ಜಿ ಬೆಂಕಿ ಹತ್ತಿದಾಗ ತಡೆಯುವವರಿಲ್ಲ.

ಮೊದಲ ಓಟ

ಸಾಮಾನಿನ ಬದಲು ಅಷ್ಟೇ ತೂಕದ ಮರಳುಚೀಲ ಹೇರಿ, ಬ್ರೇಕ್, ಇಂಡಿಕೇಟರ್, ನಂಬರ್ ಪ್ಲೇಟಿನ ದೀಪ, ಹಿಂದಿನ ಕೆಂಪು ರಿಫ್ಲೆಕ್ಟರ್ ಎಲ್ಲ ನೋಡಿ, ಖಾಲಿ ಮೈದಾನದಲ್ಲಿ ರಿವರ್ಸ್ ಅಭ್ಯಾಸ ಮಾಡಿ. ಸ್ಟಿಯರಿಂಗ್ ಚಕ್ರದ ಕೆಳಭಾಗವನ್ನು ಹಿಡಿದುಕೊಂಡರೆ ಗೊಂದಲ ತಪ್ಪುತ್ತದೆ. ಕೈ ಯಾವ ಕಡೆ ಸರಿಯುತ್ತದೋ ಟ್ರೇಲರಿನ ಹಿಂಭಾಗ ಆ ಕಡೆಗೇ ಹೋಗುತ್ತದೆ. ಡ್ರಾಬಾರ್ ಉದ್ದವಿದ್ದಷ್ಟೂ ಟ್ರೇಲರ್ ನಿಧಾನವಾಗಿ ತಿರುಗುತ್ತದೆ, ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ಓಡುವಾಗ ಒಳಗೆ ಯಾರೂ ಕೂರಬಾರದು, ಮಕ್ಕಳಂತೂ ಎಷ್ಟೇ ಹಟ ಹಿಡಿದರೂ ಬೇಡ.

ಮೊದಲ ಓಟಕ್ಕೆ ಮುಳಶಿಯಷ್ಟು ದೂರ ಸಾಕು. 50 ಕಿಮೀಗೊಮ್ಮೆ, ಮತ್ತೆ 100ಕ್ಕೊಮ್ಮೆ ನಿಂತು ಚಕ್ರದ ನಟ್ಟುಗಳನ್ನು ಬಿಗಿ ಮಾಡಿ, ಹೊಸ ಹಬ್‌ನಲ್ಲಿ ಅವು ಸಡಿಲಾಗುವುದು ಸಹಜ. ಪ್ರತಿ ಸಲವೂ ಎರಡು ಹಬ್‌ಗಳ ಹತ್ತಿರ ಅಂಗೈ ಒಯ್ದು ನೋಡಿ. ಎರಡೂ ಸಮನಾಗಿ ಬೆಚ್ಚಗಿದ್ದರೆ ಚಿಂತೆಯಿಲ್ಲ. ಒಂದು ಮಾತ್ರ ಮುಟ್ಟಲಾಗದಷ್ಟು ಸುಡುತ್ತಿದ್ದರೆ, ಅಲ್ಲಿ ಬೇರಿಂಗ್ ಬಿಗಿಯಾಗಿದೆ ಅಥವಾ ಬ್ರೇಕ್ ಹಿಡಿದಿದೆ. ಅದನ್ನು ಬಿಚ್ಚಿ ಸರಿಮಾಡದೆ ಮುಂದೆ ಹೋಗಬೇಡಿ.